ಊದಿದ ಬ್ಯಾಟರಿ

ಸಿಟ್ಟು ಯಾವ ದೇಶದಲ್ಲಾದರೂ ಬಾಗಿಲು ತಟ್ಟುವುದು ಕಾಲಿನಿಂದಲೇ.

ಪಂಪಾಪತಿ ಗರಡಿ ಮನೆಯ ಬಾಗಿಲನ್ನು ಒದ್ದುಕೊಂಡು ಒಳಗೆ ಬಂದಾಗ ಅಂಬಕ್ಕ ನೆಲದ ಮೇಲೆ ಕೂತು ಒಂದು ಪುಟ್ಟ ಚಕ್ರಕ್ಕೆ ರಬ್ಬರು ಸುತ್ತುತ್ತಿದ್ದರು.

"ಬಾಗಿಲು ನಿನಗೇನು ಮಾಡಿತ್ತು?"

"ಬಾಗಿಲು ಏನೂ ಮಾಡಿಲ್ಲ ಅಕ್ಕಾ. ವೃಷಭೇಂದ್ರ ಮಾಡಿದ್ದಾನೆ."

"ಹಾಗಾದರೆ ಅವನ ಮನೆ ಬಾಗಿಲು ಒದೆಯಬೇಕಿತ್ತು. ಇದಕ್ಕೆ ಮೊದಲೇ ಒಂದು ಕೀಲು ಸಡಿಲ."

ನದಿ ದಂಡೆಯ ಆ ಗರಡಿಯಲ್ಲಿ ಒಂದು ಕಾಲಕ್ಕೆ ಅಂಬಕ್ಕನ ತಂದೆ ಪೈಲ್ವಾನರನ್ನು ತಯಾರು ಮಾಡುತ್ತಿದ್ದರು. ಬರಬರುತ್ತ ಮಣ್ಣಿಗೆ ಇಳಿಯುವ ಗಂಡಸರು ಕಡಿಮೆಯಾದರು. ಊರೂರು ಅಲೆದು, ಹತ್ತಾರು ಕಾರ್ಖಾನೆಗಳ ಎಣ್ಣೆ ಮಸಿ ಮೆತ್ತಿಕೊಂಡು ಹಿಂತಿರುಗಿದ ಅಂಬಕ್ಕ, ಕುಸ್ತಿಯ ಕಣದ ಮೇಲೆ ಹಲಗೆ ಹೊದಿಸಿ ಸುತ್ತಲೂ ಗಾಜಿನಂಥ ದಪ್ಪ ಪ್ಲಾಸ್ಟಿಕ್ ಗೋಡೆ ನಿಲ್ಲಿಸಿದರು.

ಈಗ ಅಲ್ಲಿ ಕಾದಾಡುವುದು ರೋಬೊಗಳು. ಮೊಲದಷ್ಟು ಗಾತ್ರದ, ಮನೆಯಲ್ಲೇ ಕಟ್ಟಿದ ಯಂತ್ರಗಳು. ಹೊಟ್ಟೆಯಲ್ಲಿ ಬ್ಯಾಟರಿ, ಮೂತಿಯಲ್ಲಿ ತಿರುಗುವ ಅಲಗು. ಕಟ್ಟಿದವನು ಗೋಡೆಯಾಚೆ ರಿಮೋಟು ಹಿಡಿದು ನಿಲ್ಲುತ್ತಾನೆ. ಊರಿನವರು ಆ ಯಂತ್ರಗಳನ್ನೂ ಪೈಲ್ವಾನರೆಂದೇ ಕರೆಯುತ್ತಿದ್ದರು.

ಕಲಿಯಲು ಬರುವವರೆಲ್ಲ ಹವ್ಯಾಸಕ್ಕೆ ಬರುವವರು. ವಾರವೆಲ್ಲ ಹೊಟ್ಟೆಪಾಡು, ಭಾನುವಾರ ಕಾಳಗ. ಪಂಪಾಪತಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ವೃಷಭೇಂದ್ರನದು ಫ್ಲೆಕ್ಸ್ ಅಂಗಡಿ. ಮೊನ್ನೆ ಮೊನ್ನೆಯವರೆಗೆ ಇಬ್ಬರೂ ಅಕ್ಕಪಕ್ಕ ಕೂತು ಒಂದೇ ಸ್ಕ್ರೂಡ್ರೈವರಿಗೆ ಕಿತ್ತಾಡಿದವರು. ಆಮೇಲೆ ವೃಷಭೇಂದ್ರ ಬರುವುದನ್ನು ನಿಲ್ಲಿಸಿದ್ದ.

"ಏನು ಮಾಡಿದ ಅಂಥದ್ದು?"

"ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿಸಿದ್ದಾನೆ. ಪಟ್ಟಣದ ಪಂದ್ಯದಲ್ಲಿ ಗೆದ್ದನಂತೆ. ಒಂದು ಕಡೆ ಕಪ್ಪು ಕನ್ನಡಕ ಹಾಕಿಕೊಂಡ ಅವನ ಮುಖ. ಇನ್ನೊಂದು ಕಡೆ ಅವನ ರೋಬೊ. ಕೆಳಗೆ ಏನು ಬರೆಸಿದ್ದಾನೆ ಗೊತ್ತಾ? ಸ್ವಂತ ವಿನ್ಯಾಸ!"

"ಅಲ್ಲವಾ?"

"ನನ್ನದು ಅಕ್ಕಾ! ಅಗೋ ಆ ಗೋಡೆ ಮೇಲೆ ಇದ್ದಿಲಿನಲ್ಲಿ ಬರೆದಿದ್ದೆನಲ್ಲ. ತಗ್ಗು ಮೂತಿ, ಇಳಿಜಾರು ಬೆನ್ನು, ಪಕ್ಕದಲ್ಲಿ ಬ್ಯಾಟರಿಯ ಗೂಡು. ಒಂದು ಗೆರೆಯನ್ನೂ ಬಿಟ್ಟಿಲ್ಲ."

ಅಂಬಕ್ಕ ತಲೆಯೆತ್ತಿ ಗೋಡೆ ನೋಡಿದರು. ಗೆರೆಗಳು ಇನ್ನೂ ಮಾಸಿರಲಿಲ್ಲ.

"ಹೌದು. ನಿನ್ನದೇ. ಕದ್ದಿದ್ದಾನೆ."

ಪಂಪಾಪತಿ ತಬ್ಬಿಬ್ಬಾದ. ಗುರುಗಳೆಂದರೆ ಸಮಾಧಾನ ಹೇಳುತ್ತಾರೆ, ಕ್ಷಮಿಸು ಎನ್ನುತ್ತಾರೆ, ಆಗ ಅವರ ಮೇಲೂ ಒಂದಿಷ್ಟು ಹಾರಾಡಬಹುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಒಪ್ಪಿಕೊಂಡುಬಿಟ್ಟರೆ ಆ ಮಾತನ್ನೆಲ್ಲ ಎಲ್ಲಿ ಸುರಿಯುವುದು?

"ಊಟ ಆಯಿತಾ?" ಎಂದರು ಅಂಬಕ್ಕ.

"ಊಟ ಯಾರಿಗೆ ಬೇಕು?"

"ಉಣ್ಣು. ಹಸಿವಿನ ಸಿಟ್ಟು ಎಷ್ಟು, ಅವನ ಮೇಲಿನ ಸಿಟ್ಟು ಎಷ್ಟು ಅಂತ ಬೇರೆಯಾಗಲಿ."

ಗೂಡಿನಲ್ಲಿ ರೊಟ್ಟಿಯಿತ್ತು, ಬದನೆಕಾಯಿ ಪಲ್ಯವಿತ್ತು. ಪಂಪಾಪತಿ ನುಂಗಿದ, ನೀರು ಕುಡಿದ.

"ಈಗ?"

"ಈಗ ಇನ್ನೂ ಗಟ್ಟಿಯಾಗಿದೆ."

"ಹಾಗಾದರೆ ಅಸಲಿ ಮಾಲು. ನಮ್ಮ ಗರಡಿಯ ಪಂದ್ಯಕ್ಕೆ ಅವನೂ ಬರುತ್ತಾನೆ. ಕೂತು ಕಟ್ಟು."

ಪಂಪಾಪತಿ ಕೂತ.

ಕಣಕ್ಕೆ ಇಳಿಯುವ ಯಂತ್ರ ಒಂದೂವರೆ ಕಿಲೋ ದಾಟುವಂತಿಲ್ಲ. ಅದೊಂದು ನಿಯಮಕ್ಕೆ ಅಂಬಕ್ಕ ತರಕಾರಿ ತೂಗುವ ತಕ್ಕಡಿಯನ್ನು ಬಾಗಿಲ ಪಕ್ಕವೇ ತೂಗುಹಾಕಿದ್ದರು. ಹೊಡೆಯುವ ಅಲಗಿಗೆ ತೂಕ ಕೊಟ್ಟರೆ, ಬೇರೆಲ್ಲಿಂದಲೋ ಅಷ್ಟನ್ನು ಕೀಳಬೇಕು.

ಪಂಪಾಪತಿ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕೊಯ್ದು ಅಲಗು ಮಾಡಿದ. ತೂಗಿದ. ಸಾಲದೆನಿಸಿತು. ಇನ್ನೂ ದಪ್ಪನೆಯದು ಕೊಯ್ದ. ತಕ್ಕಡಿ ವಾಲಿತು. ರೋಬೊದ ಮೈಗೆ ಹೊದಿಸಿದ್ದ ಕವಚವನ್ನು, ಅಂದರೆ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯಿಂದ ಕತ್ತರಿಸಿದ ತುಂಡುಗಳನ್ನು, ಒಂದೊಂದಾಗಿ ಬಿಚ್ಚಿ ಎಸೆದ.

"ಚರ್ಮ ಎಲ್ಲಿ ಇದಕ್ಕೆ?" ಎಂದರು ಅಂಬಕ್ಕ.

"ಹೊಡೆಯುವವನಿಗೆ ಚರ್ಮ ಯಾಕೆ?"

"ಅವನು ತಿರುಗಿ ಹೊಡೆದರೆ?"

"ತಿರುಗಿ ಹೊಡೆಯಲು ಅವನು ಉಳಿದಿರಬೇಕಲ್ಲ."

"ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅಂತಾರೆ, ಕೇಳಿದ್ದೀಯಾ?"

"ಮೂಗು ಅವನದು ತಾನೆ?"

ಅಂಬಕ್ಕ ಜೋರಾಗಿ ನಕ್ಕರು. ಆದರೆ ಅವನು ಎಸೆದ ತುಂಡುಗಳನ್ನು ಆರಿಸಿ ಒಂದು ಡಬ್ಬಿಗೆ ಹಾಕಿಟ್ಟರು.

ಯಂತ್ರ ತಯಾರಾಯಿತು. ಕಣಕ್ಕೆ ಬಿಟ್ಟು ಅಲಗು ತಿರುಗಿಸಿದಾಗ ಕಣಜದ ಗೂಡಿಗೆ ಕಲ್ಲು ಬಿದ್ದಂಥ ಸದ್ದು. ನೇರ ಓಡಿಸಿದ. ಎದುರಿಗೆ ಇಟ್ಟಿದ್ದ ಹಳೆಯ ಅಲ್ಯುಮಿನಿಯಂ ಪಾತ್ರೆ ಸೀಳಿ ಹಾರಿ ಗೋಡೆಗೆ ಬಡಿಯಿತು. ಪಂಪಾಪತಿಯ ಮೈಯೆಲ್ಲ ಜುಮ್ಮೆಂದಿತು. ಆ ಪಾತ್ರೆ ಕಪ್ಪು ಕನ್ನಡಕ ಹಾಕಿಕೊಂಡಿತ್ತು ಅವನ ಕಣ್ಣಿಗೆ.

"ಈಗ ಎಡಕ್ಕೆ ತಿರುಗಿಸು."

ತಿರುಗಿಸಿದ. ಭಾರದ ಅಲಗು ಅದೇ ವೇಗದಲ್ಲಿ ಗಿರಗಿರನೆ ಸುತ್ತುತ್ತಿತ್ತು, ತಿರುಗಲು ಬಿಡಲಿಲ್ಲ. ಯಂತ್ರ ಕಂಬ ಕಂಡ ನಾಯಿಯ ಹಾಗೆ ಒಂದು ಪಕ್ಕ ಎತ್ತಿ ನಿಂತಿತು.

ಬಲಕ್ಕೆ ತಿರುಗಿಸಿದ. ಇನ್ನೊಂದು ಪಕ್ಕ ಎತ್ತಿತು.

"ಇದಕ್ಕೆ ನೇರ ಹೋಗುವುದೊಂದೇ ಬರುತ್ತದೆ," ಎಂದರು ಅಂಬಕ್ಕ. "ಅಲಗನ್ನು ಅರ್ಧ ಮಾಡು."

"ಬೇಡ. ಅವನು ನೇರ ಎದುರಿಗೇ ಇರುತ್ತಾನೆ."

ಮತ್ತೆ ಓಡಿಸಿದ. ಮತ್ತೆ ಮತ್ತೆ ಓಡಿಸಿದ. ಹೊಟ್ಟೆಯಿಂದ ಕಮರು ವಾಸನೆ ಬಂದಾಗಷ್ಟೇ ನಿಲ್ಲಿಸಿ ಬಿಚ್ಚಿ ನೋಡಿದ. ಭಾರದ ಅಲಗನ್ನು ಎಳೆದೂ ಎಳೆದೂ ಬ್ಯಾಟರಿ ಬಿಸಿಯಾಗಿ ಊದಿಕೊಂಡಿತ್ತು.

ಅದು ಉದ್ದಕ್ಕೆ, ಸಪೂರಕ್ಕೆ ಇದ್ದ ಬ್ಯಾಟರಿ. ಯಾವುದೋ ಕಾಲದ ಆಟಿಕೆಯ ಹೆಲಿಕಾಪ್ಟರಿನದು. ಅಂಥವು ಪಂಪಾಪತಿಯ ಬಳಿ ಎರಡಿದ್ದವು, ಅಂಗಡಿಗಳಲ್ಲಿ ಈಗ ಸಿಗುತ್ತಿರಲಿಲ್ಲ. ಗೋಡೆಯ ಮೇಲಿನ ಚಿತ್ರದಲ್ಲಿ ಗೂಡನ್ನು ಪಕ್ಕಕ್ಕೆ, ಕಿರಿದಾಗಿ ಬರೆದದ್ದೂ ಅದಕ್ಕೇ. ಇದ್ದದ್ದರಲ್ಲಿ ಸುಧಾರಿಸಿದ್ದು.

"ಊದಿದ ಬ್ಯಾಟರಿ ಸತ್ತದ್ದಲ್ಲ," ಎಂದರು ಅಂಬಕ್ಕ. "ಒಳಗೆ ಬೆಂಕಿ ಬಸುರಾಗಿರುತ್ತದೆ. ಇನ್ನೊಮ್ಮೆ ಚಾರ್ಜಿಗೆ ಹಾಕಿದರೆ ಹೆರುತ್ತದೆ. ಹೋಗು, ಮರಳಿನ ಮಡಕೆಯಲ್ಲಿ ಹೂಳು."

ಅವರ ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಕಲೆ. ಎಲ್ಲಿ, ಹೇಗೆ ಎಂದು ಅವರು ಹೇಳಿದವರಲ್ಲ. ಅದನ್ನು ನೋಡಿದವರಿಗೆ ಮರಳಿನ ಮಡಕೆಯ ಮಾತನ್ನು ಎರಡನೇ ಸಲ ಹೇಳಬೇಕಿರಲಿಲ್ಲ.

ಪಂಪಾಪತಿ ಹೂತ.

ಪಂದ್ಯದ ಭಾನುವಾರ ವೃಷಭೇಂದ್ರ ಗೆಳೆಯರ ಬಳಗ ಕಟ್ಟಿಕೊಂಡು ಬಂದ. ನೇರ ಹೋಗಿ ಅಂಬಕ್ಕನ ಕಾಲಿಗೆ ಬಿದ್ದ.

"ಫ್ಲೆಕ್ಸ್ ಚೆನ್ನಾಗಿ ಬಂದಿದೆಯಂತೆ," ಎಂದರು ಅಂಬಕ್ಕ.

"ಎಲ್ಲ ನಿಮ್ಮ ಆಶೀರ್ವಾದ ಅಕ್ಕಾ."

"ನನ್ನ ಆಶೀರ್ವಾದ ಸರಿ. ಗೋಡೆಯ ಆಶೀರ್ವಾದ?"

ವೃಷಭೇಂದ್ರ ಹಲ್ಲು ಕಿರಿದು ಫೋನು ನೋಡಿಕೊಂಡ.

ಪಂಪಾಪತಿ ಮೂಲೆಯಲ್ಲಿ ನಿಂತು ದವಡೆ ಕಚ್ಚಿದ್ದ. ಅವನ ಮುಂದೆಯೇ ತನ್ನ ಚಿತ್ರ ಗೋಡೆಯಿಂದ ಇಳಿದು, ಕೆಂಪು ಬಣ್ಣ ಬಳಿದುಕೊಂಡು, ಕಣದಲ್ಲಿ ಓಡಾಡಿತು. ತಗ್ಗು ಮೂತಿ ಎದುರಾಳಿಗಳ ಅಡಿಗೆ ನುಗ್ಗಿ ಎತ್ತಿ ಎಸೆಯಿತು. ತಾನು ಊಹಿಸಿದ್ದಕ್ಕಿಂತ ಚೆನ್ನಾಗಿಯೇ ಎಸೆಯಿತು. ಜನ ಶಿಳ್ಳೆ ಹೊಡೆದರು. ಪ್ರತಿ ಶಿಳ್ಳೆಯೂ ತನ್ನ ಜೇಬಿನಿಂದ ಹೋದಂತೆ ಅನ್ನಿಸಿತು ಅವನಿಗೆ.

ಅವನೂ ಗೆದ್ದ. ಅವನ ಎದುರಾಳಿಗಳು ನೇರ ಎದುರಿಗೇ ಬಂದಿದ್ದರು, ಪುಣ್ಯಕ್ಕೆ.

ಕೊನೆಯ ಜೋಡಿಗೆ ಉಳಿದವರು ಅವರಿಬ್ಬರೇ.

ಪಂಪಾಪತಿ ಇಷ್ಟು ದಿನ ಬದುಕಿದ್ದೇ ಈ ಒಂದು ಕಾಳಗಕ್ಕೆ. ಉಗುರು ಕಚ್ಚುತ್ತ ಕಾಯುತ್ತಿದ್ದಾಗ ವೃಷಭೇಂದ್ರ ಅವನ ಬಳಿಯೇ ಬಂದು ಕುಕ್ಕರಗಾಲಲ್ಲಿ ಕೂತ.

"ಲೋ ಪಂಪಾ. ಹಿಂದಿನ ಕಾಳಗದಲ್ಲಿ ನನ್ನ ಬ್ಯಾಟರಿಯ ವೈರು ಬುಡಸಮೇತ ಕಿತ್ತುಹೋಗಿದೆ. ಇವರ್‍ಯಾರದೂ ಹಿಡಿಸುತ್ತಿಲ್ಲ. ಗೂಡು ಕಿರಿದು. ನಿನ್ನ ಹತ್ತಿರ ಆ ಉದ್ದನೆಯದು ಇನ್ನೊಂದು ಇತ್ತಲ್ಲ?"

ಕದ್ದವನು ಅಳತೆಯನ್ನೂ ಕದ್ದಿದ್ದ. ತನಗೆ ಬೇಕಾದ ಹಾಗೆ ಗೂಡನ್ನು ಅಗಲ ಮಾಡಿಕೊಳ್ಳುವಷ್ಟೂ ತಲೆ ಓಡಿಸಿರಲಿಲ್ಲ. ಹುಡುಕಾಡಿ, ಅಂಥದ್ದೇ ಒಂದು ಬ್ಯಾಟರಿಯನ್ನು ಎಲ್ಲಿಂದಲೋ ತರಿಸಿದ್ದ.

ಗರಡಿಯಲ್ಲಿ ಒಂದು ಕಟ್ಟಳೆ ಇತ್ತು. ಅಂಬಕ್ಕನ ತಂದೆಯ ಕಾಲದ್ದು. ಎದುರಾಳಿಯ ಲಂಗೋಟಿ ಹರಿದರೆ ನಿನ್ನದನ್ನು ಕೊಡು, ಹರಕು ಲಂಗೋಟಿಯವನ ಜೊತೆ ಕುಸ್ತಿಯಾಡಬೇಡ. ಯಂತ್ರಗಳು ಬಂದಮೇಲೆ ಅದು ಸ್ಕ್ರೂ, ಚಕ್ರ, ಬ್ಯಾಟರಿಗೂ ಸಂದಿತು. ಕಣದ ಬಳಿ ಕೇಳಿದವನಿಗೆ, ಅವನು ಯಾರೇ ಆಗಿರಲಿ, ಇಲ್ಲ ಎನ್ನುವಂತಿಲ್ಲ.

"ಇದೆ," ಎಂದ ಪಂಪಾಪತಿ. "ತರುತ್ತೇನೆ ಇರು."

ಒಳ್ಳೆಯ ಬ್ಯಾಟರಿ ಅವನ ಯಂತ್ರದ ಹೊಟ್ಟೆಯಲ್ಲಿತ್ತು.

ಅವನು ಹಿಂದಿನ ಕೋಣೆಗೆ ಹೋಗಿ ಮರಳಿನ ಮಡಕೆಗೆ ಕೈ ಹಾಕಿದ. ಊದಿದ್ದನ್ನು ತೆಗೆದ. ಉಬ್ಬಿದ ಹೊಟ್ಟೆ ಕಾಣದ ಹಾಗೆ ಕಪ್ಪು ಟೇಪನ್ನು ಬಿಗಿಯಾಗಿ ಸುತ್ತಿದ. ಕೈ ನಡುಗಬಹುದು ಎಂದುಕೊಂಡಿದ್ದ. ನಡುಗಲಿಲ್ಲ. ಶಾಲೆಯಲ್ಲಿ ಮಕ್ಕಳ ಪಟಕ್ಕೆ ಕಾಗದ ಅಂಟಿಸುವಷ್ಟೇ ಅಚ್ಚುಕಟ್ಟಾಗಿ ಸುತ್ತಿತು ಕೈ.

ಇಲ್ಲ ಎನ್ನಬಾರದು ತಾನೆ? ಇಲ್ಲ ಎನ್ನಲಿಲ್ಲವಲ್ಲ.

ವೃಷಭೇಂದ್ರ ಅದನ್ನು ತೆಗೆದುಕೊಂಡು ಅವನ ಹೆಗಲು ತಟ್ಟಿದ. "ನೀನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀಯ ಅಂದುಕೊಂಡಿದ್ದೆ ಮಾರಾಯ. ದೊಡ್ಡ ಮನುಷ್ಯ ಕಣೋ ನೀನು."

"ಚಾರ್ಜ್ ಇಲ್ಲ ಅದರಲ್ಲಿ. ಹಾಕಿಕೋ."

"ಅದಕ್ಕೇನು."

ವೃಷಭೇಂದ್ರ ಚಕ್ಕಳಮಕ್ಕಳ ಹಾಕಿ ಕೂತು, ಬ್ಯಾಟರಿಯನ್ನು ತೊಡೆಯ ಮೇಲಿಟ್ಟುಕೊಂಡು, ಚಾರ್ಜರಿನ ವೈರು ಬಿಡಿಸತೊಡಗಿದ.

ಆಗ ಅಂಬಕ್ಕ ಹಿಂದಿನ ಕೋಣೆಯಿಂದ ಹೊರಗೆ ಬಂದರು. ಮಡಕೆಯ ಸುತ್ತ ಚೆಲ್ಲಿದ್ದ ಮರಳು ಅವರ ಕಾಲಿಗೆ ಮೆತ್ತಿತ್ತು. ವೃಷಭೇಂದ್ರನ ತೊಡೆಯ ಮೇಲಿನ ಹೊಸ ಕಪ್ಪು ಟೇಪನ್ನು ನೋಡಿದರು. ಪಂಪಾಪತಿಯ ಮುಖವನ್ನು ನೋಡಲಿಲ್ಲ.

"ಅದನ್ನಿಲ್ಲಿ ಕೊಡು," ಎಂದರು.

ವೃಷಭೇಂದ್ರ ಕೊಟ್ಟ. ಚಾರ್ಜರನ್ನೂ ಕೊಟ್ಟ.

ಅಂಬಕ್ಕ ಕಣದ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂತರು. ಸೆರಗು ಸರಿಮಾಡಿಕೊಂಡು ಬ್ಯಾಟರಿಯನ್ನು ಮಡಿಲಲ್ಲಿ ಇಟ್ಟುಕೊಂಡರು. ಚಾರ್ಜರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ ಒತ್ತಿದರು. ಅದರ ವೈರಿನ ಇನ್ನೊಂದು ತುದಿಯನ್ನು ಪಂಪಾಪತಿಯ ಕಡೆ ಚಾಚಿದರು.

"ಬಾ. ಹಚ್ಚು."

"ಅಕ್ಕಾ?"

"ಬ್ಯಾಟರಿ ನಿನ್ನದು. ನೀನೇ ಹಚ್ಚು."

"ಕೆಳಗಿಡಿ ಅಕ್ಕಾ ಅದನ್ನ."

"ಯಾಕೆ?"

ಸುತ್ತ ಜನ ಸೇರಿದರು.

"ಯಾಕೆ ಅಂತ ಕೇಳಿದೆ."

"ಅದು... ಊದಿದೆ."

"ಗೊತ್ತು. ಹಚ್ಚು."

"ನಿಮಗೆ ಹುಚ್ಚು ಹಿಡಿದಿದೆಯಾ? ಅದು ಉರಿದುಬಿಡುತ್ತದೆ!"

"ಉರಿಯಲಿ ಅಂತಲೇ ಅಲ್ಲವಾ ಇಷ್ಟು ಚೆಂದ ಟೇಪು ಸುತ್ತಿದ್ದು?"

"ಅವನಿಗೆ! ಸುತ್ತಿದ್ದು ಅವನಿಗೆ, ನಿಮಗಲ್ಲ!"

"ಬ್ಯಾಟರಿಗೆ ಹೆಸರು ಓದಲು ಬರುತ್ತದಾ?"

ಪಂಪಾಪತಿ ಮುಂದೆ ನುಗ್ಗಿದ. ಅವರ ಮಡಿಲಿನಿಂದ ಬ್ಯಾಟರಿಯನ್ನು ಕಿತ್ತುಕೊಂಡು ಬಾಗಿಲಾಚೆ ಓಡಿ ನದಿಯ ಕಡೆಗೆ ಬೀಸಿ ಎಸೆದ. ಅದು ನೀರು ಮುಟ್ಟಲಿಲ್ಲ. ದಂಡೆಯ ಬಂಡೆಗೆ ಬಡಿಯಿತು. ಬುಸ್ಸೆಂದು ಬಿಳಿ ಹೊಗೆ, ಹಿಂದೆಯೇ ಆಳುದ್ದದ ಬೆಂಕಿ.

ಒಳಗಿದ್ದ ಜನವೆಲ್ಲ ಬಾಗಿಲಿಗೆ ಬಂದು ಮುತ್ತಿದರು.

ವೃಷಭೇಂದ್ರ ತನ್ನ ತೊಡೆ ಮುಟ್ಟಿ ನೋಡಿಕೊಂಡ. ಬಂಡೆ ನೋಡಿದ. ಅರ್ಥವಾಯಿತು. ಹಾರಿ ಬಂದು ಪಂಪಾಪತಿಯ ಕೊರಳಪಟ್ಟಿ ಹಿಡಿದ.

"ನನ್ನನ್ನ ಸುಡಲು ಹೊರಟಿದ್ದೆಯೇನೋ?"

"ನೀನು ಕದಿಯಲಿಲ್ಲವೇನೋ ಕಳ್ಳ?"

"ಒಂದು ಚಿತ್ರಕ್ಕೇನೋ? ಒಂದು ಇದ್ದಿಲು ಚಿತ್ರಕ್ಕೆ?"

"ನನ್ನ ಚಿತ್ರಕ್ಕೆ!"

"ಗೋಡೆ ಮೇಲೆ ಬರೆದದ್ದು ಎಲ್ಲರದ್ದು ಅಂದುಕೊಂಡೆ."

"ಬಾಯಿ ಮುಚ್ಚಿ, ಇಬ್ಬರೂ!"

ಅಂಬಕ್ಕನ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ಅಲ್ಲಿದ್ದವರು ಯಾರೂ ಕೇಳಿರಲಿಲ್ಲ. ಕೊರಳಪಟ್ಟಿ ಬಿಟ್ಟುಹೋಯಿತು.

"ಎಲ್ಲರದ್ದು ಅಂದುಕೊಂಡವನು," ಎಂದರು ವೃಷಭೇಂದ್ರನಿಗೆ, "ಫ್ಲೆಕ್ಸಿನಲ್ಲಿ ಎಲ್ಲರದ್ದು ಅಂತಲೇ ಬರೆಸಬೇಕಿತ್ತು. ನಿನ್ನ ಅಂಗಡಿಯಲ್ಲಿ ಅಕ್ಷರಕ್ಕೇನು ಬರವೇ?"

ವೃಷಭೇಂದ್ರ ನೆಲ ನೋಡಿದ. ಅವನ ಬಳಗವೂ ನೆಲ ನೋಡಿತು.

ಅಂಬಕ್ಕ ಪಂಪಾಪತಿಯ ಕಡೆ ತಿರುಗಿದರು.

"ಅವನು ನಿನ್ನ ಹತ್ತಿರ ಬ್ಯಾಟರಿ ಕೇಳಿದ್ದ. ನೀನಿನ್ನೂ ಕೊಟ್ಟಿಲ್ಲ."

ಪಂಪಾಪತಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ನನ್ನ ಹತ್ತಿರ ಉಳಿದಿರುವುದು ಒಂದೇ ಅಕ್ಕಾ."

"ಗೊತ್ತು."

"ಅದನ್ನು ಕೊಟ್ಟರೆ ನಾನು ಕಣಕ್ಕೆ ಇಳಿಯುವ ಹಾಗಿಲ್ಲ."

"ಗೊತ್ತು."

"ಕಳ್ಳ ಗೆಲ್ಲುತ್ತಾನೆ!"

"ಹೌದು, ಗೆಲ್ಲುತ್ತಾನೆ."

"ಇದು ನ್ಯಾಯವಾ?"

"ಅಲ್ಲ."

"ಮತ್ತೆ ನಾನ್ಯಾಕೆ ಕೊಡಬೇಕು?"

"ಕೊಡಬೇಡ. ಬಾಗಿಲು ಅಲ್ಲಿದೆ. ಒದೆಯುವ ಕಷ್ಟವಿಲ್ಲ, ತೆರೆದೇ ಇದೆ. ಹೋದವನು ಮತ್ತೆ ಈ ಹೊಸಿಲು ತುಳಿಯುವುದು ಬೇಡ."

ಪಂಪಾಪತಿ ಬಾಗಿಲು ನೋಡಿದ. ಬಂಡೆಯ ಮೇಲಿನ ಕರಿ ಕಲೆ ಅಲ್ಲಿಂದ ಕಾಣುತ್ತಿತ್ತು. ಕಣ್ಣಲ್ಲಿ ನೀರು ಬಂತು. ಅದು ಪಶ್ಚಾತ್ತಾಪದ ನೀರಲ್ಲ. ಬರೀ ಸಿಟ್ಟಿನದು. ಅಷ್ಟರ ಮಟ್ಟಿಗೆ ಅವನು ತನಗೆ ತಾನೇ ಸುಳ್ಳು ಹೇಳಿಕೊಳ್ಳಲಿಲ್ಲ.

ಅವನು ಕೂತ. ತನ್ನ ಯಂತ್ರವನ್ನು ಬೋರಲು ಹಾಕಿದ. ಒಂದೊಂದೇ ಸ್ಕ್ರೂ ಬಿಚ್ಚಿದ. ಒಂದು ಸ್ಕ್ರೂ ಜಾರಿ ಉರುಳಿ ವೃಷಭೇಂದ್ರನ ಕಾಲ ಬಳಿ ನಿಂತಿತು. ವೃಷಭೇಂದ್ರ ಅದನ್ನು ಎತ್ತಿಕೊಟ್ಟ.

ಪಂಪಾಪತಿ ಬ್ಯಾಟರಿಯನ್ನು ಹೊರಗೆಳೆದು ಅವನ ಅಂಗೈಯಲ್ಲಿಟ್ಟ.

ವೃಷಭೇಂದ್ರ ಅದನ್ನು ತಿರುಗಿಸಿ ನೋಡಿದ. ಹೊಟ್ಟೆ ಒತ್ತಿ ನೋಡಿದ. ಮೂಸಿಯೂ ನೋಡಿದ. ಯಾರೋ ಕಿಸಕ್ಕೆಂದರು, ಸುಮ್ಮನಾದರು.

ಎದುರಾಳಿಯಿಲ್ಲದ ಕಣದಲ್ಲಿ ಕೆಂಪು ಯಂತ್ರ ಒಂದು ಸುತ್ತು ಓಡಿತು. ಅಲಗು ತಿರುಗಿತು, ನಿಂತಿತು. ಗೆದ್ದವನ ಹೆಸರು ಕೂಗಿದರು. ಬಳಗದಲ್ಲಿ ಒಬ್ಬ ಶಿಳ್ಳೆಗೆಂದು ಬಾಯಿಗೆ ಬೆರಳಿಟ್ಟವನು ಅಂಬಕ್ಕನ ಮುಖ ನೋಡಿ ಬೆರಳು ತೆಗೆದ.

ವೃಷಭೇಂದ್ರ ಬ್ಯಾಟರಿಯನ್ನು ಬಿಚ್ಚಿ ಕಲ್ಲುಕಟ್ಟೆಯ ಮೇಲಿಟ್ಟು ಹೋದ. ಹೋಗುವಾಗ ಅಂಬಕ್ಕನ ಕಾಲಿಗೆ ಬೀಳಲಿಲ್ಲ.

ಜನ ಚದುರಿದರು. ಸಂಜೆಯ ಬಿಸಿಲು ಕಣದ ಪ್ಲಾಸ್ಟಿಕ್ ಗೋಡೆಯ ಗೀರುಗಳ ಮೇಲೆ ಬಿದ್ದಿತ್ತು. ಪಂಪಾಪತಿ ಚೆಲ್ಲಿದ್ದ ಮರಳನ್ನು ಗುಡಿಸಿ ಮಡಕೆಗೆ ತುಂಬಿದ. ಅಂಬಕ್ಕ ಬೈದಿದ್ದರೂ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ ಅಕ್ಕಾ."

"ನನ್ನದೂ ಹೋಗಿಲ್ಲ."

"ಅವನ ಮೇಲಾ?"

"ನಿನ್ನ ಮೇಲೆ."

ಪಂಪಾಪತಿ ಪೊರಕೆ ಗೋಡೆಗೆ ಒರಗಿಸಿದ. ಅವರ ಸೀರೆಯ ಮಡಿಲಿನ ಮೇಲೆ, ಬ್ಯಾಟರಿ ಇದ್ದ ಜಾಗದಲ್ಲಿ, ಒಂದು ಚಿಟಿಕೆ ಮರಳು ಅಂಟಿಕೊಂಡ ಗುರುತು ಇನ್ನೂ ಇತ್ತು. ಅದನ್ನೇ ನೋಡುತ್ತ ನಿಂತ.

"ಅಕ್ಕಾ, ಒಂದು ವೇಳೆ ನಾನು ವೈರು ಹಚ್ಚಿಬಿಟ್ಟಿದ್ದರೆ?"

ಅಂಬಕ್ಕ ಎದ್ದು ಸೆರಗು ಕೊಡವಿದರು.

"ಇಷ್ಟು ವರ್ಷ ಇಲ್ಲಿ ಕೂತು ನಾನು ಏನು ಕಲಿಸಿದೆ ಅನ್ನುವುದು ನನಗೆ ಗೊತ್ತಾಗುತ್ತಿತ್ತು."